ಹಿಮಬಂಡಿಯಲ್ಲಿ ಉಳಿದ ಗುಂಡುಗಳು

ನವೆಂಬರ್ ೯, ಭಾನುವಾರ. ಮೊಂಟಾನಾ.

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಹೆಗಲಿಗೆ ಚೀಲ ಹಾಕುವಂತಿಲ್ಲ. ಬೇಟೆಯ ಸಾಮಾನನ್ನೆಲ್ಲ ಹಿಮಬಂಡಿಯಲ್ಲಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ ಎಳೆದೆ. ಹಾಯಾಗಿತ್ತು. ಕಡವೆಯಂಥ ದೊಡ್ಡ ಜಿಂಕೆ, ಗಂಡು ಎಲ್ಕ್ ಕಂಡಾಗ ಸದ್ದಾಗದಿರಲೆಂದು ಹಗ್ಗ ಬಿಚ್ಚಿ, ಬಂದೂಕನ್ನಷ್ಟೇ ಹಿಡಿದು ತೆವಳಿದೆ. ಅದರಲ್ಲಿದ್ದ ಒಂದೇ ಗುಂಡು ಎಲ್ಕಿನ ಬೆನ್ನು ಮುರಿಯಿತು. ಉಳಿದ ಗುಂಡುಗಳು, ಚಾಕು ಎಲ್ಲ ಬಂಡಿಯಲ್ಲಿದ್ದವು. ಹಗ್ಗ ಬಿಚ್ಚಿದ್ದರಿಂದ ಬಂಡಿ ಜಾರಿ ಕಣಿವೆ ಸೇರಿತ್ತು.

ಅದು ಕಿರುಚುತ್ತ, ಸತ್ತ ಹಿಂಗಾಲುಗಳನ್ನು ಮುಂಗಾಲಿನಿಂದ ಎಳೆಯುತ್ತ ಹಿಮವನ್ನೆಲ್ಲ ಕೆಂಪು ಮಾಡಿತು. ಕಾಲು ಗಂಟೆ ಸುಮ್ಮನೆ ನಿಂತು ನೋಡಿದೆ.

ಜೊತೆಗೆ ಬೇಟೆಗೆ ಬಂದಿದ್ದ ತಂಗಿಯ ಗಂಡ ಆರ್ವಿಲ್ ಏದುಸಿರಿನಲ್ಲಿ ಹತ್ತಿಬಂದು ಅದರ ತಲೆಗೆ ಗುಂಡು ಹೊಡೆದ. "ಏನ್ ಭಾವ, ಪಿಕ್‌ನಿಕ್ಕಿಗೆ ಬಂದಿದ್ಯಾ? ಗುಂಡೆಲ್ಲ ಬಂಡೀಲಿಟ್ಟು!"

ಸೀಳುವಾಗ ನೋಡಿದೆ: ನನ್ನ ಬೆನ್ನುಮೂಳೆ ಒಡೆದಿದ್ದ ಜಾಗದಲ್ಲೇ ಅದರ ಮೂಳೆಯೂ ಒಡೆದಿತ್ತು. ಬೆರಳಿಟ್ಟೆ, ಬಿಸಿಯಿತ್ತು.

ನಾಳೆ ಅಂಗಿಗೆ ಗುಂಡುಗಳಿಗೊಂದು ಜೇಬು ಹೊಲಿಯಬೇಕು. ಹೊಲಿದರೂ ಆ ಕಾಲು ಗಂಟೆ ಅಳಿಯದು.