ತೆಳ್ಳನೆಯ ಚಕ್ಕೆ

ಅಮ್ಮಿಣಿ,

ಹನ್ನೆರಡು ವರ್ಷದಿಂದ ನಮ್ಮ ಅಂಗಳದಲ್ಲಿ ಕಾಫಿ, ಮೆಣಸು ಒಣಗಿಸುವ ನಿನಗೆ ನಾನು ಕಾಗದ ಬರೆಯುವುದೆಂದರೆ ಯಾರಿಗಾದರೂ ನಗು ಬಂದೀತು. ನಿಮ್ಮ ಕಾಲನಿಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗದ್ದೆ, ಕೂಗಿದರೆ ಕೇಳುತ್ತದೆ. ಆದರೂ ಬರೆಯುತ್ತಿದ್ದೇನೆ, ಅದೂ ಕನ್ನಡದಲ್ಲಿ. ನಿನ್ನ ಮಾತು ನನ್ನ ಮಾತಿಗೆ ಹತ್ತಿರ, ಆದರೆ ಈ ಅಕ್ಷರ ನಿನಗೆ ಬಾರದು. ನಿನ್ನ ಮಗಳು ಜಿಷಾ ಸ್ಕೂಲಲ್ಲಿ ಓದುವುದು ಮಲಯಾಳ. ಮಲಯಾಳ ಬರೆಯಲು ನನಗೂ ಬರುತ್ತದೆ. ನಿಮ್ಮಿಬ್ಬರಿಗೂ ಓದಲಾಗದ ಅಕ್ಷರವನ್ನೇ ಆರಿಸಿಕೊಂಡೆನೆಂದರೆ ಅದು ಹೆದರಿಕೆ, ಬೇರೇನಲ್ಲ. ಬಾಯಿ ಜೋರಿನ ಗುರುಬಸಮ್ಮನಿಗೂ ಹೆದರಿಕೆಯೇ ಎಂದು ನೀನು ಕೇಳಬಹುದು. ಹದಿನಾರು ದಿನದಿಂದ ಆ ಬಾಯಿ ಕಟ್ಟಿಹೋಗಿದೆ.

ಮೊದಲೇ ಹೇಳಿಬಿಡುತ್ತೇನೆ. ನಿನ್ನ ಗಂಡ ಕೇತನ್ ಆ ಗುರುವಾರ ಕಾಡಿಗೆ ಹೋದದ್ದು ಕುಡಿಯಲಿಕ್ಕಲ್ಲ. ನಾನು ಕಳಿಸಿದ್ದೆ.

ಮಗಳು ಮಾನಸಾ ಮೈಸೂರಿನಿಂದ ಬಂದಾಗ ಏರ್ ಫ್ರೈಯರ್ ತಂದಿಟ್ಟು, ಇನ್ನು ಎಣ್ಣೆ ಬಾಣಲೆ ಮುಟ್ಟಬೇಡ ಎಂದು ಅಪ್ಪಣೆ ಕೊಟ್ಟು ಹೋದದ್ದು ನಿನಗೆ ಗೊತ್ತು. "ಇದೇನಕ್ಕ, ಅನ್ನ ಮಾಡೋ ಕುಕ್ಕರಾ?" ಎಂದು ಕೇಳಿದ್ದೆ ನೀನು. ಎರಡು ತಿಂಗಳು ಅದರ ಮೇಲೆ ಟವೆಲ್ ಹೊದಿಸಿಟ್ಟಿದ್ದೆ. ಅಷ್ಟರಲ್ಲಿ ಬತ್ತೇರಿಯ ನಮ್ಮ ಹೆಂಗಸರ ಸಂಘದವರು ಎಣ್ಣೆಯಿಲ್ಲದ ತಿಂಡಿಯ ಸ್ಪರ್ಧೆ ಇಟ್ಟರು. ಹೋದ ವರ್ಷ ಅದೇ ಸಂಘದ ಷೈಜ ಹಲಸಿನ ಹಲ್ವ ಮಾಡಿ ಮೊದಲ ಬಹುಮಾನ ಹೊಡೆದು, ಆರು ತಿಂಗಳು ನನ್ನೆದುರು ಅದೇ ಮಾತಾಡಿದ್ದಳು. ಈ ಸಲ ಅವಳ ಸೊಕ್ಕು ಇಳಿಸಬೇಕಿತ್ತು. ಕಾರಣ ಇಷ್ಟೇ ಅಮ್ಮಿಣಿ, ಇದಕ್ಕಿಂತ ದೊಡ್ಡದೇನೂ ಇರಲಿಲ್ಲ.

ಚಕ್ಕೆ ಹಚ್ಚಿದ ಸೇಬಿನ ಬಿಲ್ಲೆ ಮಾಡುವುದೆಂದು ನಿಶ್ಚಯಿಸಿದೆ. ಸೇಬನ್ನು ಹಪ್ಪಳದಷ್ಟು ತೆಳ್ಳಗೆ ಹೆಚ್ಚಿ, ನಿಂಬೆ ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒತ್ತಿ, ಚಕ್ಕೆ ಪುಡಿ ಸವರಿ, ಒಂದರ ಮೇಲೊಂದು ಬೀಳದಂತೆ ಹರಡಬೇಕು. ಆ ಏರ್ ಫ್ರೈಯರ್ ಒಳಗೆ ಬಿಸಿ ಗಾಳಿ ಬೀಸುತ್ತದೆ. ಮೊದಲ ಸಲ ಬಿಲ್ಲೆಗಳು ಹಾರಿ ಮೇಲೆ ಅಂಟಿ ಕರಕಲಾದವು. ಆಮೇಲೆ ಅವುಗಳ ಮೇಲೊಂದು ಜಾಲರಿ ಇಡಲು ಕಲಿತೆ. ಬಿಸಿಯಿದ್ದಾಗ ಮೆತ್ತಗಿರುತ್ತವೆ, ಆರಿದ ಮೇಲೆ ಗರಿಗರಿಯಾಗುತ್ತವೆ. ಎಲ್ಲ ಸರಿಯಾಯಿತು, ಚಕ್ಕೆ ಮಾತ್ರ ಕೈಕೊಟ್ಟಿತು. ಅಂಗಡಿಯ ದಪ್ಪ ಚಕ್ಕೆ ಎಷ್ಟು ಕುಟ್ಟಿದರೂ ನಾಲಿಗೆಗೆ ಮರಳು, ಕೊನೆಗೆ ಕಹಿ.

ಅವತ್ತು ಕೇತನ್ ಮೆಣಸು ಕೊಯ್ಯಲು ಬಂದಿದ್ದ. ಏಣಿಯಿಂದ ಇಳಿದವನ ಕೈಗೆ ಎರಡು ಬಿಲ್ಲೆ ಕೊಟ್ಟೆ. "ಹಪ್ಪಳ ಇದ್ದಂಗದೆ ಅಕ್ಕ, ಸಿಹಿ ಹಪ್ಪಳ. ಪಟ್ಟ ಸರಿ ಇಲ್ಲ. ನಮ್ಮ ಕಾಡಿಂದು ಹಾಕಿ ನೋಡಿ" ಎಂದ. ಪಟ್ಟ ಎಂದರೆ ಚಕ್ಕೆ. ನನ್ನ ತಲೆಗೆ ಹುಳ ಹೊಕ್ಕಿತು. ತಟ್ಟೆಯ ಮುಂದೆ "ನಮ್ಮ ಕಾಡಿನದೇ ಚಕ್ಕೆ" ಎಂದು ಚೀಟಿ ಇಟ್ಟರೆ ಷೈಜಳ ಮುಖ ಹೇಗಾಗುತ್ತದೆಂದು ಕೂತಲ್ಲೇ ನೋಡಿಬಿಟ್ಟೆ.

ಸೋಮವಾರ ಅವನು ಒಂದು ಹಿಡಿ ತಂದುಕೊಟ್ಟ. ಕಾಡಂಚಿನ ಹಳೇ ಮರದ್ದು, ದಪ್ಪನೆಯದು. ಥ್ಯಾಂಕ್ಸ್ ಹೇಳುವ ಬದಲು ನಾನು, ಇದೇನು ಚಪ್ಪಲಿಯ ಅಟ್ಟೆ ತಂದಿದ್ದೀಯ, ಸುರುಳಿ ಸುತ್ತುವಂಥ ತೆಳ್ಳನೆಯದು ಬೇಕು ಎಂದೆ. ಅವನು ತಲೆ ಕೆರೆದುಕೊಂಡು ಹೇಳಿದ್ದು ಅಕ್ಷರ ಅಕ್ಷರವೂ ನೆನಪಿದೆ. "ತೆಳುವು ಬೇಕಂದ್ರೆ ಎಳೇ ಕೊಂಬೇದು ಅಕ್ಕ. ಅದು ತೋಡಿನಾಚೆ, ಹಳ್ಳದಲ್ಲಿ ಆನೆ ನೀರಿಗೆ ಇಳಿಯೋ ಕಡೆ. ಈಗ ಬ್ಯಾಡ. ಎಲ್ಲೂ ನೀರಿಲ್ಲ, ಎಲ್ಲಾ ಆನೆ ಅಲ್ಲೇ ಬತ್ತಾವೆ. ಮಳೆ ಬೀಳ್ಲಿ, ತತ್ತೀನಿ."

ಸ್ಪರ್ಧೆ ಭಾನುವಾರ ಇತ್ತು. ಮಳೆ ಬೀಳುವುದು ಯಾವ ಕಾಲಕ್ಕೆ? ಕಾಡಲ್ಲೇ ಹುಟ್ಟಿದವನಿಗೆ ಕಾಡಿನ ಹೆದರಿಕೆಯೇನೋ ಎಂದು ನಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನೂ ನಕ್ಕ, ಆದರೆ ಕತ್ತು ಬಗ್ಗಿಸಿ ನಕ್ಕ. ಹೊರಟವನನ್ನು ಮತ್ತೆ ಕರೆದು ಇನ್ನೊಂದು ಮಾತು ಸೇರಿಸಿದೆ. ಅಭಯಾರಣ್ಯದ ಮರ ಸುಲಿದದ್ದು ಗಾರ್ಡಿಗೆ ಗೊತ್ತಾದರೆ ಕೇಸು ನನ್ನ ಬಾಗಿಲಿಗೆ ಬರುತ್ತದೆ, ಯಾರಿಗೂ ಹೇಳಬೇಡ, ಅಮ್ಮಿಣಿಗೂ ಬೇಡ ಎಂದೆ. "ಹೇಳಾಕಿಲ್ಲ ಬುಡಿ ಅಕ್ಕ" ಎಂದ.

ಹೇಳಲಿಲ್ಲ. ಗುರುವಾರ, ಕಲ್ಲೂರಲ್ಲಿ ಕೂಲಿ ಪಣಿ ಇದೆ ಎಂದು ನಿನ್ನ ಹತ್ತಿರ ಸುಳ್ಳು ಹೇಳಿ ಹೋದ. ಮಾರನೆಯ ದಿನ ಆ ಹಳ್ಳದ ದಂಡೆಯಲ್ಲಿ ಆನೆ ತುಳಿದ ಅವನ ಹೆಣ ಸಿಕ್ಕಿತು. ವಿಚಾರಿಸಿದರೆ, ಕಲ್ಲೂರಲ್ಲಿ ಯಾರೂ ಅವನನ್ನು ಕಂಡಿರಲಿಲ್ಲ, ಯಾರೂ ಪಣಿಗೆ ಕರೆದಿರಲಿಲ್ಲ. ಚಹಾ ಅಂಗಡಿಯ ಸಜೀವನ್, ಕುಡಿದು ದಾರಿ ತಪ್ಪಿರಬೇಕು, ನೆಟ್ಟಗಿದ್ದವನು ಆನೆಯೆದುರು ಹೋಗುತ್ತಾನೆಯೇ ಎಂದ. ಮಧ್ಯಾಹ್ನದೊಳಗೆ ಅದು ಇಡೀ ನೂಲ್ಪುಳ ಊರಿನ ಮಾತಾಯಿತು. ಪೋಸ್ಟ್‌ಮಾರ್ಟಂ ಕಾಗದದಲ್ಲಿ ಏನಿತ್ತೋ ಯಾರೂ ಓದಿ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನಾನು ಜನರ ಹಿಂದೆ ನಿಂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ನಾನು ಸೆರಗು ಎಳೆದು ಬಾಯಿಗೆ ಹಿಡಿದುಕೊಂಡೆ. ಅಳುತ್ತಿದ್ದಾಳೆ ಎಂದುಕೊಂಡರು.

ಮೂರು ವರ್ಷದ ಹಿಂದೆ ಅವನು ಜಿಷಾಳ ತಲೆ ಮುಟ್ಟಿ ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದಾಗ ನಾನೂ ಅಲ್ಲಿದ್ದೆ. ಆ ಹುಡುಗಿ ಈಗ ಅಪ್ಪನ ಫೋಟೋವನ್ನು ಗೋಡೆಗೆ ಮುಖ ಮಾಡಿಟ್ಟಿದ್ದಾಳೆ. ಅಪ್ಪ ತನ್ನ ತಲೆ ಮೇಲಿನ ಆಣೆ ಮುರಿದನೆಂದೇ ನಂಬಿ, ಯಾರ ಹತ್ತಿರವೂ ಮಾತಾಡದೆ, ಊಟವನ್ನೂ ಸರಿಯಾಗಿ ಮಾಡದೆ ಕೂತಿದ್ದಾಳೆ. ನೋಡಿಯೂ ಸುಮ್ಮನೆ ಬಂದೆ.

ಆ ದಿನ ಅವನ ಸೊಂಟದ ಗಂಟನ್ನು ಬಿಚ್ಚಿ ತೋರಿಸಿದ್ದೆಯಲ್ಲ. "ನೋಡಿ ಅಕ್ಕ, ಇದ ಮಾರಿ ಕುಡಿಯಾಕೆ ಸುಲ್ದವ್ನೆ. ನಂಗೆ ಇದರ ವಾಸ್ನೇನೂ ಬ್ಯಾಡ, ನೀವೇ ಎಲ್ಲಾದ್ರೂ ಬಿಸಾಕಿ" ಎಂದು ನನ್ನ ಕೈಗೇ ಕೊಟ್ಟೆ. ನಾನು ಕೇಳಿದಂಥದೇ ಚಕ್ಕೆ, ಈರುಳ್ಳಿ ಸಿಪ್ಪೆಯಷ್ಟು ತೆಳು. ಒಂದೊಂದು ತುಂಡೂ ಕೊಂಬೆಯ ಅರ್ಧ ಸುತ್ತಿನದು. ಕೊಂಬೆ ಸಾಯಬಾರದೆಂದು ಒಂದೇ ಮಗ್ಗುಲು ಸುಲಿಯುವುದು ಅವನ ಪದ್ಧತಿ, ನಿನಗೇ ಗೊತ್ತು. ಅದಕ್ಕೆ ಎರಡರಷ್ಟು ಕೊಂಬೆ ಬೇಕು, ಎರಡರಷ್ಟು ಹೊತ್ತು ಬೇಕು. ಸುತ್ತಲೂ ಸೀಳಿ ಎಳೆದುಕೊಂಡಿದ್ದರೆ ಆನೆ ಬರುವ ಮೊದಲೇ ಹಳ್ಳ ದಾಟಿರುತ್ತಿದ್ದನೇನೋ. ಕುಡಿದ ಕೈ ಹಾಗೆ ನಾಜೂಕಾಗಿ ಸುಲಿಯುತ್ತದೆಯೇ? ಅವತ್ತೇ ಇದನ್ನು ಹೇಳಬಹುದಿತ್ತು. ಗಂಟು ಕಟ್ಟಿ ಮನೆಗೆ ತಂದೆ.

ಸ್ಪರ್ಧೆಗೆ ನಾನು ಹೋಗಲಿಲ್ಲ. ಆದರೆ ಚಕ್ಕೆಯನ್ನು ಎಸೆಯಲೂ ಆಗಲಿಲ್ಲ. ಒಬ್ಬನ ಪ್ರಾಣ ತೆಗೆದದ್ದನ್ನು ತಿಪ್ಪೆಗೆ ಹೇಗೆ ಹಾಕಲಿ? ನಮ್ಮಲ್ಲಿ ತೀರಿಕೊಂಡವರಿಗೆ ಅವರು ಇಷ್ಟಪಟ್ಟದ್ದನ್ನು ಮಾಡಿ ಎಡೆ ಇಡುತ್ತೇವೆ. ಹನ್ನೊಂದನೆಯ ದಿನ ಬಾಗಿಲು ಹಾಕಿಕೊಂಡು, ಆ ಚಕ್ಕೆ ಕುಟ್ಟಿ, ಸೇಬಿನ ಬಿಲ್ಲೆ ಮಾಡಿ, ಎಲೆಯ ಮೇಲೆ ಇಟ್ಟು ಕೈಮುಗಿದೆ. ಅವನು ಹೇಳಿದ್ದು ನಿಜ. ಕಹಿಯಿರಲಿಲ್ಲ, ಮನೆಯೆಲ್ಲ ಘಮ್ಮೆಂದಿತ್ತು. ಆಗಲೇ ನೀನು ಹಿತ್ತಲಿಗೆ ಬಂದು ಪಣಿ ಇದೆಯಾ ಎಂದು ಕೇಳಿದ್ದು. ಬರಿಗೈಯಲ್ಲಿ ಕಳಿಸಲಾರದೆ, ಸತ್ಯವನ್ನೂ ಹೇಳಲಾರದೆ, ಎಡೆಯ ಬಿಲ್ಲೆಗಳನ್ನೇ ನಿನ್ನ ಕೈಗೆ ಹಾಕಿದೆ. ನೀನು ಎರಡು ತಿಂದು, ಉಳಿದದ್ದನ್ನು ಜಿಷಾಗೆಂದು ಸೆರಗಿಗೆ ಕಟ್ಟಿಕೊಂಡೆ. "ಚೆಂದಾಗದೆ ಅಕ್ಕ. ಆ ಕುಡುಕ ಇದ್ದಿದ್ರೆ ಅವನೂ ತಿಂತಿದ್ದ" ಎಂದೆ.

ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ನಾನು ಪಾಪಿ, ಅಮ್ಮಿಣಿ. ಕಳಿಸಿದ್ದು ಒಂದು ಪಾಪವಾದರೆ, ಸತ್ತವನ ಹೆಸರನ್ನು ಜನ ತುಳಿಯುವಾಗ ಪಕ್ಕದಲ್ಲೇ ನಿಂತು ನೋಡಿದ್ದು ಅದಕ್ಕಿಂತ ದೊಡ್ಡದು.

ನಾಳೆ ಭಾನುವಾರ, ಜಿಷಾ ಮನೆಯಲ್ಲಿರುತ್ತಾಳೆ. ಬೆಳಿಗ್ಗೆ ಬರುತ್ತೇನೆ. ಕಾಲನಿಯವರನ್ನೆಲ್ಲ ಕರೆಸುತ್ತೇನೆ, ಸಜೀವನ್‌ಗೂ ಹೇಳಿ ಕಳಿಸುತ್ತೇನೆ. ಈ ಕಾಗದವನ್ನು ನಾನೇ ಎಲ್ಲರೆದುರು ಓದುತ್ತೇನೆ, ಅಲ್ಲಿಂದ ಫಾರೆಸ್ಟ್ ಆಫೀಸಿಗೆ ಹೋಗಿ ಬರೆದುಕೊಡುತ್ತೇನೆ. ಕೇಸಾದರೆ ಆಗಲಿ. ಒಂದು ಮಾತು ಮಾತ್ರ ಬೇಡುತ್ತೇನೆ. ನಾನು ಏನು ತಪ್ಪು ಮಾಡಿದರೂ "ಬುಡಿ ಅಕ್ಕ, ಪರ್ವಾಗಿಲ್ಲ" ಎನ್ನುವುದು ನಿನ್ನ ಅಭ್ಯಾಸ. ನಾಳೆ ಹಾಗೆನ್ನಬೇಡ. ಬೈಯಿ, ಹೊಡಿ, ಬಾಗಿಲು ಹಾಕಿಕೋ. ಆದರೆ ಮೊದಲು ಜಿಷಾಳನ್ನು ಕೂರಿಸಿ ಪೂರ್ತಿ ಕೇಳಿಸು. ಅವಳ ಅಪ್ಪ ಅವಳ ತಲೆ ಮೇಲಿಟ್ಟ ಆಣೆಯನ್ನು ಸಾಯುವವರೆಗೂ ಮುರಿಯಲಿಲ್ಲ.

ನಿನ್ನನ್ನು ಹರಸುವ ಯೋಗ್ಯತೆ ನನಗೆ ಉಳಿದಿಲ್ಲ. ಆ ಹುಡುಗಿ ಮಾತ್ರ ತಲೆಯೆತ್ತಿ ಬಾಳಲಿ.

ಕೇತನ್‌ನನ್ನು ಕಳಿಸಿದವಳು,
ಗುರುಬಸಮ್ಮ