ಅಪ್ಪನ ಇನ್ನೊಂದು ಕೆನ್ನೆ

ಅಮ್ಮಾ,

ನೀನು ತೀರಿಹೋದ ಮೇಲೆ ಅಪ್ಪನನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಲಕ್ವ ಹೊಡೆದಾಗಿನಿಂದ ಅವರಿಗೆ ಮಾತಿಲ್ಲ, ನಿನಗೆ ಗೊತ್ತೇ ಇದೆ. ದಿಂಬು ಸರಿ ಇದೆಯಾ, ನೀರಿನ ಬಿಸಿ ಸರಿ ಇದೆಯಾ ಅಂತ ದಿನವೆಲ್ಲ ಕೇಳುತ್ತೇನೆ. ಉತ್ತರ ಬರುವುದಿಲ್ಲ. ಈಗ ಅದೇ ಚಾಳಿ ಸಲೂನಿನಲ್ಲೂ ಶುರುವಾಗಿದೆ.

ಇವತ್ತು ಒಬ್ಬ ಗಿರಾಕಿಯ ಗಡ್ಡ ಹೆರೆಯುವಾಗ ಮತ್ತೆ ಮತ್ತೆ "ಸರಿ ಇದೆಯಾ ಅಣ್ಣಾ?" ಅಂದೆ. "ನಿನಗೇ ಧೈರ್ಯ ಇಲ್ಲದಿದ್ದರೆ ನನ್ನ ಕುತ್ತಿಗೆ ಗತಿ ಏನಪ್ಪಾ?" ಅಂತ ಅವರು ಎದ್ದು ಕೂತರು. ಎಲ್ಲರೂ ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. "ಮೊದಲು ನೀನು ಹೀಗಿರಲಿಲ್ಲವಲ್ಲೋ" ಅಂತ ಕತ್ತಿ ಇಸಿದುಕೊಂಡು ಕೈಗೆ ಪೊರಕೆ ಕೊಟ್ಟರು.

ಸಂಜೆ ಅಪ್ಪನಿಗೆ ಕ್ಷೌರ ಮಾಡಿದೆ. ಒಂದು ಕೆನ್ನೆ ಮುಗಿಸಿ, ರೂಢಿಯಂತೆ "ಸರಿ ಇದೆಯಾ ಅಪ್ಪಾ?" ಅಂದೆ. ಅಪ್ಪ ಕಣ್ಣು ಮುಚ್ಚಿಕೊಂಡು, ತಾವಾಗಿಯೇ ನಿಧಾನಕ್ಕೆ ಇನ್ನೊಂದು ಕೆನ್ನೆಯನ್ನು ನನ್ನ ಕಡೆ ತಿರುಗಿಸಿದರು. ಅದು ಮುಗಿಯುವವರೆಗೆ ನಾನು ಏನೂ ಕೇಳಲಿಲ್ಲ.

ಅಷ್ಟು ವರ್ಷ ನೀನೊಬ್ಬಳೇ ಅವರನ್ನು ನೋಡಿಕೊಂಡೆ. ಸರಿ ಇದೆಯಾ ಅಂತ ನೀನು ಯಾರನ್ನು ಕೇಳುತ್ತಿದ್ದೆಯೋ. ನಾನು ಪಕ್ಕದ ಕೋಣೆಯಲ್ಲೇ ಇರುತ್ತಿದ್ದೆ.

ನಾಳೆ ಯಜಮಾನರ ಹತ್ತಿರ ಕತ್ತಿ ವಾಪಸ್ ಕೇಳುತ್ತೇನೆ. ಸರಿ ತಾನೇ, ಅಮ್ಮಾ?