ಚಪ್ಪಲಿ ಕಸಕೊಂಡ ನರ್ಸ್

ಬಾಗಲಗುಂಟೆ, ಮಂಗಳವಾರ

ವೈನಿ, ನಿಮ್ಮ ನಾದಿನಿ ಬೆಂಗಳೂರಾಗ ರೋಗಿಗಳ ಚಪ್ಪಲಿ ಕಸಕೊಳ್ಳಾಕತ್ತಾಳ!

ನಾ ಬಂದಿರೋ ಈ ದವಾಖಾನಿ ತರಬೇತಿಯೊಳಗ ರೋಗಿನ್ನ ಮೊದಲು ನೋಡೋರು ನರ್ಸ್ ಆದ ನಾವ, ಡಾಕ್ಟರ್ ಆಮ್ಯಾಲೆ. ನಿನ್ನೆ ಫ್ಯಾಕ್ಟರಿ ಕೆಲಸದ ಮಲಕಪ್ಪ ತಲಿ ತಿರಗತೈತಿ ಅಂತ ಬಂದ. ಬಿಪಿ ನೋಡಿದ್ರ ಇನ್ನೂರು! "ಗುಳಿಗಿ ಕೊಡ್ರಿ ಅಕ್ಕಾ, ಶಿಫ್ಟಿಗೆ ಹೊತ್ತಾತು" ಅಂತ ಎದ್ದೇಬಿಟ್ಟ. ನಾನು ಅವನ ಚಪ್ಪಲಿ ಬೀರುದಾಗಿಟ್ಟು ಕೀಲಿ ಹಾಕಿದೆ. ಡಾಕ್ಟರ್ ಬಂದು ನೋಡಿ, "ಇವರು ತಡೀದೇ ಇದ್ದಿದ್ರೆ ಮಷಿನ್ ಮುಂದೇನೇ ಬೀಳ್ತಿದ್ದೆ ಕಣಯ್ಯ" ಅಂದ್ರು.

ಇವತ್ತು ಹೆಂಡತಿ ರುಕ್ಮವ್ವ ಅವನ್ನ ಎಳಕೊಂಡು ಬಂದಿದ್ಲು. "ಉಪ್ಪಿನಕಾಯಿ ಇಲ್ದ ತುತ್ತು ಎತ್ತಂಗಿಲ್ರಿ. ನನ್ನ ಮಾತಂತೂ ಕೇಳಂಗಿಲ್ಲ, ನೀವ ಗದರಸ್ರಿ" ಅಂದ್ಲು. ಗದರಿಸಿದೆ. ಮನ್ಯಾಗಿನ ಉಪ್ಪಿನಕಾಯಿ ಡಬ್ಬಿನ ನನ್ನ ಕೈಯಾಗ ಕೊಟ್ಟು ಹೋದ್ಲು.

ನಾ ಆರಾಮದೀನಿ, ಊಟಕ್ಕೇನೂ ತೊಂದರಿ ಇಲ್ಲ!

ಕಾರ್ಡ್ ತುಂಬಿತು,
ಶಿವಗಂಗಾ